ಬಾಗಲಕೋಟೆಯ ಟಿಕೆಟ್

ಗದಗ ಬಸ್‌ಸ್ಟ್ಯಾಂಡಿನಲ್ಲಿ ಒಬ್ಬ ಅಪರಿಚಿತನ ಮಾತು ನಂಬಿ ಅಂಗನವಾಡಿಯ ನೀಲವ್ವ ಹೋದ ತಿಂಗಳು ಐನೂರು ರೂಪಾಯಿ ಕೊಟ್ಟು ಮೋಸಹೋಗಿದ್ದಳು. ನಾಚಿಕೆಗೆ ಮನೆಯಲ್ಲೂ ಹೇಳಿರಲಿಲ್ಲ.

ಇವತ್ತು ಅದೇ ಮನುಷ್ಯ ಮತ್ತೆ ಎದುರು ನಿಂತ. ಅವಳ ಗುರುತು ಅವನಿಗೆ ಹತ್ತಲಿಲ್ಲ.

"ನಾ ಎಂಜಿನಿಯರ್. ಪರ್ಸ್ ಕಳವಾತು. ಬಾಗಲಕೋಟಿ ದವಾಖಾನ್ಯಾಗ ಅವ್ವ ಅದಾಳ. ಐನೂರು ಕೊಡ್ರಿ, ಲಗೂನ," ಎಂದ ಗತ್ತಿನಿಂದ.

"ನಾನೂ ಅಲ್ಲಿಗೇ ಹೊಂಟೀನ್ರಿ. ಟಿಕೆಟ್ ನಾ ತಗಸ್ತೀನಿ, ಬರ್ರಿ."

ಜನ ನೋಡುತ್ತಿದ್ದರು. ಒಲ್ಲೆ ಎನ್ನಲಾಗದೆ ಅವನು ಬಸ್ ಹತ್ತಿದ. ಊರು ದಾಟುತ್ತಲೇ, "ಇಲ್ಲೇ ಇಳೀತೀನಿ," ಎಂದು ಎದ್ದ.

"ದವಾಖಾನ್ಯಾಗಿನ ಅವ್ವನ್ನ ನೋಡೂದಿಲ್ಲೇನ್ರಿ?" ಎಂದಳು ನೀಲವ್ವ, ಎಲ್ಲರಿಗೂ ಕೇಳುವಂತೆ.

ಅವನು ತಲೆ ತಗ್ಗಿಸಿ ಇಳಿದುಹೋದ. ಬಸ್ಸೆಲ್ಲ ನಕ್ಕಿತು.

"ಅಂವ ಕಳ್ಳ ಅಂತ ನಿಮಗ ಹೆಂಗ ಗೊತ್ತಾತು?" ಎಂದು ಕಂಡಕ್ಟರ್ ಕೇಳಿದ.

ನೀಲವ್ವನ ಮುಖ ಕೆಂಪಾಯಿತು. "ಹೋದ ತಿಂಗಳು ನಾನೂ ಕೊಟ್ಟಿದ್ದೆ," ಎಂದಳು ಮೆಲ್ಲಗೆ.

ಎಲ್ಲರಿಗಿಂತ ಜೋರಾಗಿ ನಕ್ಕಿದ್ದ ಹಿಂದಿನ ಸೀಟಿನ ಮುದುಕರೊಬ್ಬರು ಕಿಟಕಿಯತ್ತ ಮುಖ ತಿರುಗಿಸಿ, "ನಾ ಎರಡು ಸಲ ಕೊಟ್ಟೀನವ್ವಾ," ಎಂದರು.