ಗಾಜಿನೊಳಗಿನ ಗೂಡು

ಭಾನುವಾರ ಬೆಳಗ್ಗೆ ಕೆರೆಯ ಪಕ್ಕದ ಜಾಲಿಮರದಲ್ಲಿ ಒಂದು ಹೆಣ್ಣು ಗೀಜಗ, ಗಂಡು ಹೆಣೆದ ಗೂಡನ್ನು ಇಣುಕಿ ನೋಡಿ, ಒಪ್ಪದೆ ಹಾರಿಹೋಯಿತು. ದಂಡೆಯಲ್ಲಿ ದುರ್ಬೀನು ಹಿಡಿದು ಕುಳಿತಿದ್ದ ಹುಡುಗಿ ಶಾಲ್ಮಲಿ, "ಅಯ್ಯೋ ಪಾಪ! ಎಷ್ಟು ಚೆನ್ನಾಗಿ ಕಟ್ಟಿತ್ತಲ್ಲಮ್ಮಾ!" ಎಂದಳು.

"ಬಾ, ಮ್ಯೂಸಿಯಂನಲ್ಲಿ ಇನ್ನೂ ಚೆಂದದ ಗೂಡಿದೆಯಂತೆ," ಎಂದು ತಾಯಿ ಅವಳನ್ನು ಎದುರಿನ ಕಟ್ಟಡಕ್ಕೆ ಕರೆದೊಯ್ದಳು. ಗಂಡು ಗೀಜಗವೂ ಹಿಂದೆಯೇ ಹಾರಿ ಅಲ್ಲಿಯ ಕಿಟಕಿಯಲ್ಲಿ ಕುಳಿತಿತು.

ಗಾಜಿನ ಪೆಟ್ಟಿಗೆಯೊಳಗೆ ತೂಗುಹಾಕಿದ್ದ ಗೂಡನ್ನು ತಾಯಿ ಮಗಳಿಬ್ಬರೂ ಮೆಚ್ಚಿ ನೋಡಿ ಮುಂದೆ ಹೋದರು.

"ಭಾಗ್ಯವೆಂದರೆ ನಿನ್ನದು," ಎಂದಿತು ಗೀಜಗ ಆ ಗೂಡಿಗೆ. "ನನ್ನ ಗೂಡನ್ನೂ ಇಲ್ಲಿ ತಂದಿಟ್ಟರೆ ಸಾಕು. ಮತ್ತೆ ಕಟ್ಟಲಾರೆ."

"ನನ್ನನ್ನೂ ಯಾವ ಹೆಣ್ಣೂ ಒಪ್ಪಲಿಲ್ಲ," ಎಂದಿತು ಗೂಡು. "ನನ್ನನ್ನು ಕಟ್ಟಿದವನು ಬೇಸರಿಸದೆ ಪಕ್ಕದ ಕೊಂಬೆಯಲ್ಲಿ ಇನ್ನೊಂದು ಕಟ್ಟಿದ. ಅದರೊಳಗಿನ ಮರಿಗಳ ಚಿಲಿಪಿಲಿ ಕೇಳುತ್ತಿದ್ದಾಗಲೇ ನನ್ನನ್ನು ಇಲ್ಲಿಗೆ ತಂದರು. ಇಲ್ಲಿ ಎಲ್ಲರೂ ಹೊಗಳುತ್ತಾರೆ. ಒಳಗೆ ಬರುವವರು ಯಾರೂ ಇಲ್ಲ."

ಗೀಜಗ ಮರಕ್ಕೆ ಮರಳಿ, ಹಸಿ ಹುಲ್ಲು ಸೀಳಿ ತಂದು, ಹೊಸದಾಗಿ ಹೆಣೆಯತೊಡಗಿತು. ಗೂಡು ಅರ್ಧವಾಗುವಷ್ಟರಲ್ಲಿ ಇನ್ನೊಂದು ಹೆಣ್ಣು ಬಂದು, ಒಳಹೊಕ್ಕು, ಕೊಕ್ಕಿನಿಂದ ಎಳೆದೆಳೆದು ಪರೀಕ್ಷಿಸಿ, ಒಳಗಿನಿಂದಲೇ ಹೇಳಿತು: "ಬಾಗಿಲ ಕೆಲಸ ಬೇಗ ಮುಗಿಸಿ."