ಹಲ್ಲಿಯನ್ನು ಕೇಳಿ ಉರಿಯುವ ದೀಪ

ಒಂದಾನೊಂದು ಊರಿನಲ್ಲಿ, ಯಾವ ಊರು ಅಂತ ಕೇಳಿದವರು ಎದ್ದು ಸೌದೆ ತರಬೇಕು, ಗುಂಡಭೂಪ ಅಂತ ಒಬ್ಬ ರಾಜನಿದ್ದ. ಅವನಿಗೆ ರಾಜ್ಯದ ಚಿಂತೆಯಿಲ್ಲ. ದೀಪದೆಣ್ಣೆಯದೇ ಚಿಂತೆ. ಖಾಲಿ ಕೋಣೆಯಲ್ಲಿ ದೀಪ ಉರಿಯುವುದು ಕಂಡರೆ ಊಟ ಬಿಡುತ್ತಿದ್ದ.

ಒಂದು ದಿನ ದೀಪ ಹಚ್ಚುವ ಮುದ್ದವೀರಿಯನ್ನು ಕರೆಸಿದ. "ಜನ ಇದ್ದರೆ ತಾನಾಗೇ ಉರಿಯಬೇಕು, ಇಲ್ಲದಿದ್ದರೆ ತಾನಾಗೇ ಆರಬೇಕು. ಅಂಥ ದೀಪ ಮಾಡು. ಕೆಟ್ಟರೆ ನಿನ್ನ ನೆತ್ತಿಯ ಮೇಲೇ ಹಣತೆ. ಸಾಯುವ ತನಕ ಕಂಬವಾಗಿ ನಿಲ್ಲು!"

ಮುದ್ದವೀರಿ ಒಂದು ಕಡೆ ನಿಲ್ಲುವ ಹೆಂಗಸೇ ಅಲ್ಲ. ಓಡಿಹೋಗಿ ದೀಪವನ್ನು ಕೇಳಿದಳು.

"ಉರಿಯೋದು, ಆರೋದು ನನಗೆ ಬರುತ್ತೆ ತಾಯಿ. ಕಣ್ಣಿಲ್ಲವಲ್ಲ," ಅಂದಿತು ದೀಪ.

ಗೋಡೆಯ ಹಲ್ಲಿಯನ್ನು ಕೇಳಿದಳು.

"ಕಣ್ಣಿದೆ. ಅಲುಗಾಡಿದ್ದು ಮಾತ್ರ ಕಾಣುತ್ತೆ," ಅಂದಿತು ಹಲ್ಲಿ. "ಆದರೆ ನಾನು ಲೊಚ್ ಅಂದರೆ ಅದೇ ಸತ್ಯ. ರಾಜನೂ ಒಪ್ಪಬೇಕು."

ಎಣ್ಣೆಯಾಸೆಗೆ ರಾಜ ಹಲ್ಲಿಯ ಷರತ್ತಿಗೂ ಮುದ್ರೆ ಒತ್ತಿಯೇಬಿಟ್ಟ.

"ಯಾರಾದರೂ ಇದ್ದಾರೇನೇ?" ಅಂತ ದೀಪ ಕೇಳುವುದು. "ಇದ್ದಾರೆ" ಅಂತ ಹಲ್ಲಿ ಅಂದರೆ ಭಗ್ಗನೆ ಉರಿಯುವುದು. "ಇಲ್ಲ" ಅಂದರೆ ತೇಗಿ ಆರುವುದು. ಅಡುಗೆಮನೆಯಲ್ಲಿ ಸರಿಹೋಯಿತು. ಬಚ್ಚಲಲ್ಲೂ ಸರಿಹೋಯಿತು. ಕಿಟಕಿಯಿಲ್ಲದ ಸಭಾಮಂಟಪದಲ್ಲಿ ಕೆಟ್ಟಿತು.

ಯಾಕೆಂದರೆ ಆ ಊರಲ್ಲಿ ಸಭೆಯೊಳಗೆ ಅಲುಗಾಡದಿರುವುದೇ ಮರ್ಯಾದೆ. ನೊಣ ಕೂತರೂ ಮೂಗು ಮುಟ್ಟುವಂತಿಲ್ಲ. ರಾಜನಂತೂ ಎಲ್ಲರಿಗಿಂತ ಮರ್ಯಾದಸ್ಥ.

"ಯಾರಾದರೂ ಇದ್ದಾರೇನೇ?"

"ಯಾರೂ ಇಲ್ಲ."

ದೀಪ ಆರಿತು.

"ನಾನಿದ್ದೇನಲ್ಲೋ!" ಅಂತ ಕತ್ತಲಲ್ಲಿ ರಾಜ ಕಿರುಚಿದ.

"ದೀಪ ಆರಿದೆ, ಮಹಾಪ್ರಭು. ತಾವಿಲ್ಲ. ನಾನೂ ಇಲ್ಲ," ಅಂದ ಮಂತ್ರಿ.

"ಲೊಚ್," ಅಂದಿತು ಹಲ್ಲಿ.

"ಹಾಗಾದರೆ ಆ ಮುದ್ದವೀರಿಯ ನೆತ್ತಿಗೆ ಹಣತೆ ಇಡಿ!"

ಯಾರೂ ಕದಲಲಿಲ್ಲ. ಇಲ್ಲದವರು ಕದಲುವುದು ಹೇಗೆ?

ಹಲ್ಲಿ ಲೊಚಗುಟ್ಟಿದರೆ ನೆಲ ಕುಟ್ಟಿ "ಕೃಷ್ಣ ಕೃಷ್ಣ" ಅನ್ನಬೇಕಲ್ಲ? ಮರ್ಯಾದಸ್ಥರಿಗೆ ಅದೂ ಆಗಲಿಲ್ಲ. ಬಾಗಿಲ ಹಿಂದೆ ಅಡಗಿದ್ದ ಮುದ್ದವೀರಿ ಮಾತ್ರ, ಜೀವಭಯದಲ್ಲೂ ಅಭ್ಯಾಸ ಬಿಡದೆ, ಕೈ ಒಳಚಾಚಿ ನೆಲ ಕುಟ್ಟಿದಳು. ಆ ಕೈ ಕಂಡು "ಇದ್ದಾರೆ" ಅಂದಿತು ಹಲ್ಲಿ. ದೀಪ ಭಗ್ಗೆಂದಿತು.

"ಈಗ ಕಾಣುತ್ತೇನಲ್ಲ!" ಅಂದ ರಾಜ.

"ದೀಪ ಹತ್ತಿದ್ದು ತಮಗಲ್ಲ, ಮಹಾಪ್ರಭು. ಇರುವವಳು ಇವಳೊಬ್ಬಳೇ. ಇರುವವರೇ ತಾನೆ ಆಳಬೇಕು?" ಅಂದ ಮಂತ್ರಿ.

"ಲೊಚ್."

ಮುದ್ದವೀರಿ ಸಿಂಹಾಸನ ಹತ್ತಿದಳು. ತುರಿಕೆಯಾದವರು ತುರಿಸಿಕೊಳ್ಳಲಿ ಅಂತ ಮೊದಲ ಆಜ್ಞೆ ಹೊರಡಿಸಿದಳು. ಎಷ್ಟು ವರ್ಷದ ತುರಿಕೆಯೋ! ಇಡೀ ಸಭೆ ಪರಪರ ಕೆರೆದುಕೊಂಡಿತು. ಗುಂಡಭೂಪ ಸುಖಕ್ಕೆ ಅತ್ತೇಬಿಟ್ಟ. ದೀಪ ಆರದೆ, ಉಳಿಸಿದ ಎಣ್ಣೆಯೆಲ್ಲ ಅವತ್ತೇ ಮುಗಿಯಿತು.

ಆದ್ದರಿಂದ ಮಕ್ಕಳೇ, ದೊಡ್ಡವರೆದುರು ಕೂತಾಗ ಕಾಲ್ಬೆರಳನ್ನಾದರೂ ಆಡಿಸುತ್ತಿರಿ. ಕತೆ ಸುಳ್ಳು ಅನ್ನುವವರು ಅಲುಗಾಡದೆ ಕೂತಿರಿ. ಯಾರೂ ಇಲ್ಲ ಅಂದುಕೊಂಡು ನಾನು ದೀಪ ಆರಿಸಿ ಮಲಗುತ್ತೇನೆ.