ಕೌದಿಯೊಳಗೆ ಮುರಿದ ಸೂಜಿ

ಬಯಲುಸೀಮೆಯ ಒಂದೂರಿನಲ್ಲಿ ಹಳೆಯ ಹತ್ತಿ ಗಿರಣಿ ಇತ್ತು. ಅದರ ಯಂತ್ರಗಳು ನಿಂತು ಬಹಳ ವರ್ಷವಾಗಿತ್ತು. ಸುಗ್ಗಿ ಮುಗಿದ ಮೇಲೆ ಸುತ್ತಲಿನ ಊರುಗಳ ಹನ್ನೆರಡು ಹೆಂಗಸರು ಬುತ್ತಿ, ಹಾಸಿಗೆ ಕಟ್ಟಿಕೊಂಡು ಅಲ್ಲಿಗೆ ಬಂದು ಐದು ದಿನ ಕೂಡಿ ಇರುತ್ತಿದ್ದರು. ಹಳೆಯ ಸೀರೆ, ಧೋತರ, ಅಂಗಿಯ ತುಂಡುಗಳನ್ನು ಪದರು ಪದರಾಗಿ ಹಾಸಿ, ನಾಲ್ಕು ಅಂಚಿನಿಂದ ನಡುವಿನ ಕಡೆಗೆ ಹೊಲಿಯುತ್ತ ಬಂದು ಒಂದು ದೊಡ್ಡ ಕೌದಿ ಮಾಡುತ್ತಿದ್ದರು. ಅದು ವರ್ಷಕ್ಕೊಬ್ಬರ ಮನೆಗೆ ಹೋಗುತ್ತಿತ್ತು. ಒಟ್ಟಿಗೆ ರೊಟ್ಟಿ ಬಡಿಯುವುದು, ಒಟ್ಟಿಗೆ ಉಣ್ಣುವುದು, ಅತ್ತೆಯರನ್ನು ಬೈಯುವುದು, ಬಿದ್ದು ಬಿದ್ದು ನಗುವುದು. ಮನೆಯಲ್ಲಿ ವರ್ಷವಿಡೀ ಬಾಯಿ ಬಿಡದವರೂ ಅಲ್ಲಿ ಹಾಡುತ್ತಿದ್ದರು.

ಇವರಿಗೆಲ್ಲ ಹಿರಿಯಳು ರುದ್ರವ್ವ. ಅವಳದೊಂದು ಕಟ್ಟುನಿಟ್ಟು ಇತ್ತು. ಬೆಳಗ್ಗೆ ಕೆಂಪು ಅರಿವೆಗೆ ಚುಚ್ಚಿಟ್ಟ ಹನ್ನೆರಡು ಸೂಜಿಗಳನ್ನು ಹಂಚುವಳು, ಸಂಜೆ ಹನ್ನೆರಡನ್ನೂ ಎಣಿಸಿ ತೆಗೆದುಕೊಳ್ಳುವಳು. ಒಂದು ಕಡಿಮೆಯಾದರೂ ಯಾರೂ ಜಾಗ ಬಿಟ್ಟು ಏಳುವಂತಿರಲಿಲ್ಲ. ಹಿಂದೆ ಯಾರೋ ಒಬ್ಬಳು ಸೂಜಿ ಕಳೆದಳಂತೆ, ಮರುವರ್ಷ ರುದ್ರವ್ವ ಅವಳನ್ನು ಕರೆಯಲೇ ಇಲ್ಲವಂತೆ. ಹೊಸಬರು ಬಂದ ಮೊದಲ ದಿನವೇ ಈ ಮಾತು ಅವರ ಕಿವಿಗೆ ಬೀಳುತ್ತಿತ್ತು.

ಒಂದು ಸೂಜಿಗೆ ಇಷ್ಟೆಲ್ಲವೇ ಎಂದು ನಗಬೇಡಿ. ನೆಲದ ಮೇಲೆ ಬಿದ್ದ ಸೂಜಿಯನ್ನು ಹುಡುಕಬಹುದು. ಕೌದಿಯೊಳಗೆ ಉಳಿದ ಸೂಜಿ ಕಣ್ಣಿಗೆ ಕಾಣುವುದಿಲ್ಲ, ಕೈಗೂ ಸಿಗುವುದಿಲ್ಲ. ಮಲಗಿದವರ ಮೈ ಒತ್ತಿದಾಗ ಮಾತ್ರ ಹೊರಗೆ ಬರುತ್ತದೆ.

ಆ ವರ್ಷದ ಕೌದಿ ರುದ್ರವ್ವನ ಮೊಮ್ಮಗಳು ಗೌರವ್ವನಿಗಾಗಿ. ಅವಳಿಗೆ ಎರಡು ಬಸಿರು ನಿಂತಿರಲಿಲ್ಲ. ಈಗ ಮೂರನೆಯದು, ದಿನ ತುಂಬಿತ್ತು. ತಾಯಿ ಮಗು ಇಬ್ಬರೂ ಮಲಗುವ ಕೌದಿಗೆ ಹನ್ನೆರಡು ಮನೆಯ ಬಟ್ಟೆ ಬಂದಿತ್ತು. ಗೌರವ್ವ ದಿನವೂ ಬಂದು ಗೋಡೆಗೆ ಒರಗಿ ಕೂತು ಇವರ ಕೆಲಸ ನೋಡುತ್ತಿದ್ದಳು.

ಹನ್ನೆರಡು ಮಂದಿಯಲ್ಲಿ ಹೊಸಬಳೆಂದರೆ ಶಾವಂತ್ರಿ. ದೂರದ ಊರಿಂದ ಸೊಸೆಯಾಗಿ ಬಂದು ಒಂದು ವರ್ಷವಾಗಿತ್ತು. ಒಂದು ವರ್ಷದಲ್ಲಿ ಅವಳಿಗೆ ಒಬ್ಬ ಗೆಳತಿಯೂ ಸಿಕ್ಕಿರಲಿಲ್ಲ. ಇಲ್ಲಿ ಮೊದಲ ದಿನವೇ ಮಾಬೂಬಿ ಎಂಬಾಕೆ ಅವಳನ್ನು ಪಕ್ಕಕ್ಕೆ ಕೂರಿಸಿಕೊಂಡು, ತನ್ನ ಶೇಂಗಾ ಚಟ್ನಿಯಲ್ಲಿ ಅರ್ಧ ಅವಳ ರೊಟ್ಟಿಗೆ ಸುರಿದಳು. ಉಂಡೆಯಾ ಎಂದು ಯಾರಾದರೂ ಕೇಳಿ ಎಷ್ಟು ದಿನವಾಗಿತ್ತೋ, ಶಾವಂತ್ರಿಯ ಕಣ್ಣು ತುಂಬಿತು. ಚಟ್ನಿ ಖಾರವಾಯಿತು ಎಂದು ಸುಳ್ಳು ಹೇಳಿದಳು.

ಮೂರನೆಯ ದಿನ ಮಧ್ಯಾಹ್ನ ಅವಳ ಕೈಗೆ ದಪ್ಪ ಧೋತರದ ಅಂಚು ಬಂತು. ಸೂಜಿ ಹೋಗಲೊಲ್ಲದು. ಅವಳು ಹೆಬ್ಬೆರಳಿನಿಂದ ಬಲವಾಗಿ ದೂಡಿದಳು. ಸೂಜಿ ಟಕ್ ಎಂದಿತು. ಕಣ್ಣಿರುವ ಚೂರು ಬೆರಳಲ್ಲಿ ಉಳಿಯಿತು, ಮೊನೆಯ ಕಡೆಯ ಉದ್ದ ತುಂಡು ಪದರುಗಳ ಒಳಗೆ ಹೋಯಿತು. ಅಂಗೈಯಿಂದ ಒತ್ತಿ ನೋಡಿದಳು. ಏನೂ ತಾಗಲಿಲ್ಲ. ಕತ್ತು ಎತ್ತಿದರೆ ರುದ್ರವ್ವ ಆಚೆ ಅಂಚಿನಲ್ಲಿ ತಲೆ ಬಗ್ಗಿಸಿ ಹೊಲಿಯುತ್ತಿದ್ದಳು. ಉಳಿದವರು ಯಾವುದಕ್ಕೋ ನಗುತ್ತಿದ್ದರು.

ಆಗಲೇ ಹೇಳಿಬಿಟ್ಟಿದ್ದರೆ ಒಂದು ಗೇಣು ಹೊಲಿಗೆ ಬಿಚ್ಚಿದರೆ ಸಾಕಿತ್ತು. ಆದರೆ ಅಂಜಿದವರಿಗೆ ಅಷ್ಟು ದೂರ ಕಾಣುವುದಿಲ್ಲ. ಅವಳಿಗೆ ಕಂಡದ್ದು ಇಷ್ಟೇ: ಮುಂದಿನ ವರ್ಷ ತನ್ನನ್ನು ಕರೆಯುವುದಿಲ್ಲ, ಮಾಬೂಬಿ ಪಕ್ಕದಲ್ಲಿ ಕೂರಿಸಿಕೊಳ್ಳುವುದಿಲ್ಲ, ಮತ್ತೆ ಆ ಮಾತಿಲ್ಲದ ಮನೆ. ಅವಳು ಸೂಜಿಯ ಚೂರನ್ನು ಸೆರಗಿನ ತುದಿಗೆ ಗಂಟು ಹಾಕಿದಳು. ಕುಪ್ಪಸಕ್ಕೆ ಗುಂಡಿ ಹಚ್ಚಲೆಂದು ಚೀಲದಲ್ಲಿ ತನ್ನದೇ ಒಂದು ಸೂಜಿ ತಂದಿದ್ದಳು. ಸಂಜೆ ಅದನ್ನೇ ಕೊಟ್ಟಳು. ರುದ್ರವ್ವ ಬೆರಳಿನಿಂದ ಮುಟ್ಟಿ ಮುಟ್ಟಿ ಹನ್ನೆರಡು ಎಣಿಸಿ ಅರಿವೆ ಮಡಚಿದಳು. ಶಾವಂತ್ರಿಗೆ ಹೋದ ಜೀವ ಬಂದಂತಾಯಿತು.

ಆ ಸಮಾಧಾನ ಒಂದು ಗಳಿಗೆಯೂ ಉಳಿಯಲಿಲ್ಲ. ಗೌರವ್ವ ನಿಧಾನವಾಗಿ ಎದ್ದು ಬಂದು, ಹೊಲಿದು ಮುಗಿದಿದ್ದ ಮೂಲೆಯ ಮೇಲೆ ಕೆನ್ನೆ ಇಟ್ಟು ಮಲಗಿ ನೋಡಿದಳು. ಎಷ್ಟು ಮೆತ್ತಗಿದೆ, ಕೂಸಿನ ತಲೆ ಇಲ್ಲೇ ಬರಲಿ ಎಂದಳು. ಅದು ಶಾವಂತ್ರಿಯೇ ಹೊಲಿದ ಮೂಲೆ.

ಅಂದಿನಿಂದ ಅವಳ ಕಣ್ಣು ನೆಲದ ಮೇಲೆಯೇ. ತುಂಡು ನೆಲಕ್ಕೇ ಬಿದ್ದಿರಬಹುದು ಎಂದು ತನಗೆ ತಾನೇ ಹೇಳಿಕೊಂಡು ದಿನಕ್ಕೆ ಮೂರು ಸಲ ಗಿರಣಿ ಗುಡಿಸಿದಳು. ಎಂಥ ಚೊಕ್ಕ ಹುಡುಗಿ ಎಂದು ಮಾಬೂಬಿ ಎಲ್ಲರೆದುರು ಹೊಗಳಿದಳು. ಆ ಹೊಗಳಿಕೆ ಬೈಗುಳಕ್ಕಿಂತ ಹೆಚ್ಚಾಗಿ ಚುಚ್ಚಿತು. ಉಳಿದವರು ಊಟಕ್ಕೆ ಎದ್ದಾಗ ಇವಳು ಹಿಂದೆ ಉಳಿದು ಕೌದಿಯನ್ನು ಅಂಗೈಯಿಂದ, ಮೊಣಕೈಯಿಂದ, ಕೊನೆಗೆ ಕೆನ್ನೆಯಿಂದಲೂ ಒತ್ತಿ ನೋಡಿದಳು. ಒಂದು ಸಲವಾದರೂ ಚುಚ್ಚಲಿ ಎಂದು ಬೇಡಿಕೊಂಡಳು. ಚುಚ್ಚಲಿಲ್ಲ. ಕೌದಿ ಬಲು ಮೆತ್ತಗಿತ್ತು, ಅದೇ ಅವಳ ಭಯವನ್ನು ಹೆಚ್ಚಿಸಿತು.

ಐದನೆಯ ದಿನ ಬೆಳಗ್ಗೆ ಮಾಬೂಬಿಯ ಫೋನಿಗೆ ಸುದ್ದಿ ಬಂತು. ಗೌರವ್ವನಿಗೆ ನೋವು ಶುರುವಾಗಿದೆ, ಆಸ್ಪತ್ರೆಗೆ ಕರೆದೊಯ್ದಿದ್ದಾರೆ. ರುದ್ರವ್ವ ಎಲ್ಲರಿಗೂ ಬೇಗ ಬೇಗ ಎಂದಳು. ಮಧ್ಯಾಹ್ನದ ಹೊತ್ತಿಗೆ ನಾಲ್ಕು ಕಡೆಯ ಹೊಲಿಗೆಯೂ ನಡುವಿಗೆ ಬಂದು ಸೇರಿತು. ಕೈ ಹಿಡಿಯುವಷ್ಟು ಹೊಲಿಯದ ಬಾಯಿ ಮಾತ್ರ ಉಳಿಯಿತು. ಅದು ಅವರ ಪದ್ಧತಿ. ಒಬ್ಬೊಬ್ಬಳೂ ನಾಲ್ಕು ಕಾಳು ಜೋಳ ಅದರೊಳಗೆ ಹಾಕಿ, ಮಲಗುವವರಿಗೆ ಒಳ್ಳೆಯದಾಗಲಿ ಎಂದು ಹೇಳಬೇಕು. ಕೌದಿಯ ಹೊಟ್ಟೆ ತುಂಬಿಸುವುದು ಎನ್ನುತ್ತಾರೆ. ಆಮೇಲೆ ಹಿರಿಯಳು ಆ ಬಾಯಿ ಹೊಲಿದು ಮುಚ್ಚುತ್ತಾಳೆ.

ಹತ್ತು ಮಂದಿ ಹಾಕಿ ಮುಗಿಸಿದರು. ಶಾವಂತ್ರಿಯ ಸರದಿ ಬಂತು. ಮುಷ್ಟಿಯಲ್ಲಿ ಜೋಳ ಬೆವರಿತ್ತು. ಮಲಗುವವರಿಗೆ ಒಳ್ಳೆಯದಾಗಲಿ ಎಂದು ಹೇಳಬೇಕು. ತನ್ನ ಕೈಯಿಂದಲೇ ಮುಳ್ಳು ಇಟ್ಟು ತನ್ನ ಬಾಯಿಂದಲೇ ಹರಸಬೇಕಲ್ಲ ಎಂದು ಅವಳಿಗೆ ತನ್ನ ಮೇಲೆಯೇ ಅಸಹ್ಯವಾಯಿತು.

"ಹೊಲಿಬ್ಯಾಡ್ರಿ ಆಯಿ," ಎಂದಳು. "ಒಳಗ ಸೂಜಿ ಮುರದೈತಿ. ನಾನ ಮುರದೀನಿ. ಎರಡು ದಿನದಿಂದ ಮುಚ್ಚಿಟ್ಟೀನಿ."

ಎಲ್ಲರ ಕಣ್ಣೂ ರುದ್ರವ್ವನ ಕಡೆಗೆ ತಿರುಗಿದವು. ಅವಳು ಬೈಯಲಿಲ್ಲ. ಮುಖ ಮಾತ್ರ ಬೂದಿಯಂತಾಗಿತ್ತು. ಬ್ಲೇಡು ತನ್ನಿ, ಬಿಚ್ಚೋಣ ಎಂದಳು ಅಷ್ಟೆ. ಐದು ದಿನದ ಹೊಲಿಗೆ. ಯಾರೋ ನಿಟ್ಟುಸಿರು ಬಿಟ್ಟರು. ಮಾಬೂಬಿ ಒಂದು ಮಾತೂ ಆಡದೆ ಬ್ಲೇಡು ತರಲು ಎದ್ದುಹೋದಳು. ಇನ್ನು ಇವಳು ನನ್ನ ಜೊತೆ ಮಾತಾಡುವುದಿಲ್ಲ ಎಂದು ಶಾವಂತ್ರಿ ತಲೆ ತಗ್ಗಿಸಿದಳು. ಆದರೆ ಮಾಬೂಬಿ ತಿರುಗಿ ಬಂದು ಹಿಂದಿನ ಜಾಗದಲ್ಲೇ, ಅವಳ ಪಕ್ಕದಲ್ಲೇ ಕೂತಳು.

ಬಿಚ್ಚತೊಡಗಿದರು. ಎರಡು ದಿನ ಎಳೆದು ಮಡಚಿದ ಕೌದಿಯಲ್ಲಿ ತುಂಡು ಎಲ್ಲಿಗೆ ಸರಿದಿದೆಯೋ ಎಂದು ನಾಲ್ಕು ಕಡೆಯಿಂದಲೂ ಬಿಚ್ಚಿದರು. ಸ್ವಲ್ಪ ಹೊತ್ತಿಗೆ ಆಚೆ ಅಂಚಿನಲ್ಲಿದ್ದ ಹೆಂಗಸೊಬ್ಬಳು ಸಿಕ್ಕಿತು ಎಂದು ಕೂಗಿ ಬೆರಳು ಚೀಪಿಕೊಂಡಳು. ಎಲ್ಲರೂ ಹಗುರಾದರು. ಶಾವಂತ್ರಿ ಸೆರಗಿನ ಗಂಟು ಬಿಚ್ಚಿ ತನ್ನ ಚೂರನ್ನು ಅದರ ಪಕ್ಕಕ್ಕೆ ಇಟ್ಟಳು. ಸಿಕ್ಕಿದ್ದು ಉಗುರಿನಷ್ಟು ಮೊನೆ. ಎರಡನ್ನೂ ಜೋಡಿಸಿದರೆ ಅರ್ಧ ಸೂಜಿಯೂ ಆಗಲಿಲ್ಲ.

ಇದು ಅವಳದಲ್ಲ. ಅವಳ ತುಂಡು ಇನ್ನೂ ಒಳಗೇ ಇದೆ. ಹಾಗಾದರೆ ಇದು ಯಾರದು? ಪ್ರತಿ ಸಂಜೆ ಹನ್ನೆರಡು ಸೂಜಿ ಸರಿಯಾಗಿದ್ದವು. ಅಂದರೆ ಇಲ್ಲಿ ಇನ್ನೊಬ್ಬಳೂ ಸೂಜಿ ಬದಲಿಸಿದ್ದಾಳೆ. ಐದು ದಿನ ಒಂದೇ ಬುಟ್ಟಿಯ ರೊಟ್ಟಿ ತಿಂದವರು ಒಬ್ಬರ ಮುಖ ಒಬ್ಬರು ನೋಡಲು ಹೆದರಿದರು.

ರುದ್ರವ್ವ ಕೆಂಪು ಅರಿವೆಯನ್ನು ತೊಡೆಯ ಮೇಲಿಂದ ಕೆಳಗಿಟ್ಟಳು.

"ಅದು ನಂದು," ಎಂದಳು. "ಎರಡನೇ ದಿನ ಮುರೀತು. ಕಣ್ಣು ಮಂಜಾಗ್ಯಾವು, ದಾರ ಕಾಣಂಗಿಲ್ಲ, ಬೆರಳಿನ ಅಂದಾಜಿನ ಮ್ಯಾಲೆ ಹೊಲಿತೀನಿ. ಹೇಳಿದ್ರ ನನ್ನ ಮೂಲಿಗೆ ಕುಂದರಸ್ತೀರಿ ಅಂತ ಅಂಜಿದೆ. ಸ್ವಂತ ಮೊಮ್ಮಗಳ ಕೂಸಿನ ಹಾಸಿಗ್ಯಾಗ ಮುಳ್ಳ ಇಟ್ಟು ಸುಮ್ಮನ ಕುಂತಿದ್ದೆ."

ಎಲ್ಲರನ್ನೂ ಅಂಜಿಸಿದ ಮುದುಕಿ ತಾನೇ ಎಲ್ಲರಿಗಿಂತ ಹೆಚ್ಚು ಅಂಜಿದ್ದಳು. ಶಾವಂತ್ರಿ ಹೋಗಿ ಅವಳ ಕೈ ಹಿಡಿದುಕೊಂಡಳು. ಆ ಅಂಜಿಕೆ ಎಂಥದ್ದೆಂದು ಅವಳಷ್ಟು ಚೆನ್ನಾಗಿ ಬಲ್ಲವರು ಅಲ್ಲಿ ಯಾರೂ ಇರಲಿಲ್ಲ.

ಹೊತ್ತು ಇಳಿಯುವಾಗ ಶಾವಂತ್ರಿಯ ತುಂಡೂ ಸಿಕ್ಕಿತು. ಗೌರವ್ವ ಕೆನ್ನೆ ಇಟ್ಟಿದ್ದ ಜಾಗದಿಂದ ನಾಲ್ಕು ಬೆರಳು ಆಚೆಗೆ, ಮೊನೆ ಮೇಲೆ ಮಾಡಿಕೊಂಡು ನಿಂತಿತ್ತು. ಅದೇ ಹೊತ್ತಿಗೆ ಹೆಣ್ಣು ಮಗು, ಇಬ್ಬರೂ ಚೆನ್ನಾಗಿದ್ದಾರೆ ಎಂದು ಫೋನು ಬಂತು. ಎಲ್ಲರೂ ಅತ್ತರು. ಕೌದಿ ಮಾತ್ರ ಚಿಂದಿಯಾಗಿ ಬಿದ್ದಿತ್ತು. ಯಾರೂ ಊರಿಗೆ ಹೊರಡಲಿಲ್ಲ. ಇನ್ನೂ ನಾಲ್ಕು ದಿನ ಇರುತ್ತೇವೆ ಎಂದು ಮನೆಗಳಿಗೆ ಹೇಳಿಕಳಿಸಿದರು.

ಮರುದಿನ ಬೆಳಗ್ಗೆ ರುದ್ರವ್ವ ಸೂಜಿಗಳನ್ನು ನಡುವೆ ಇಟ್ಟು, ಇನ್ನು ಮೇಲೆ ನಾನು ಎಣಿಸುವುದಿಲ್ಲ, ಸೂಜಿ ಮುರಿದವಳು ಆಗಲೇ ಮುರಿಯಿತು ಎಂದು ಕೂಗಬೇಕು, ಯಾರೂ ಯಾರನ್ನೂ ಏನೂ ಅನ್ನುವಂತಿಲ್ಲ ಎಂದಳು. ತಾನು ಹೊಲಿಯಲು ಕೂರಲಿಲ್ಲ. ಅವಳನ್ನು ಮೂಲೆಗೂ ಯಾರೂ ತಳ್ಳಲಿಲ್ಲ. ನಡುವೆ ಕೂರಿಸಿ, ಯಾವ ತುಂಡು ಎಲ್ಲಿಗೆ ಎಂದು ಅವಳನ್ನೇ ಕೇಳಿದರು.

ಸ್ವಲ್ಪ ಹೊತ್ತಿಗೆ ಒಬ್ಬಳು ಮುರಿಯಿತು ಎಂದಳು. ಎಲ್ಲರೂ ಸೇರಿ ಆ ಗೇಣು ಜಾಗ ಬಿಚ್ಚಿ ತುಂಡು ತೆಗೆದರು. ಊಟಕ್ಕೆ ಮುಂಚೆ ಮಾಬೂಬಿ ಮುರಿಯಿತು ಎಂದಳು. ಮತ್ತೊಂದು ಗಳಿಗೆಗೆ ಮತ್ತೊಬ್ಬಳು.

ಒಂದೇ ಬೆಳಗ್ಗೆ ಮೂರು ಸೂಜಿ. ಸೂಜಿ ಕಳೆದ ಆ ಒಬ್ಬಳನ್ನು ಕರೆಯದೆ ಬಿಟ್ಟ ವರ್ಷದಿಂದ ಸಂಜೆಯ ಎಣಿಕೆ ಒಂದು ದಿನವೂ ತಪ್ಪಿರಲಿಲ್ಲ. ಹಾಗಾದರೆ ಆಗ ಮುರಿದ ತುಂಡುಗಳು ಎಲ್ಲಿ ಹೋದವು? ಮೊದಲು ಅದು ಹೊಳೆದದ್ದು ಯಾರಿಗೋ ಏನೋ, ಹೊಲಿಯುವ ಕೈಗಳು ಒಂದೊಂದಾಗಿ ನಿಂತವು. ಹಳಬರಿಗೆಲ್ಲ ಇಲ್ಲಿಂದ ಕೊಂಡೊಯ್ದ ತಮ್ಮ ಮನೆಯ ಕೌದಿ ನೆನಪಾಯಿತು, ದಿನವೂ ಅದರ ಮೇಲೆ ಮಲಗುವ ತಮ್ಮ ಮಕ್ಕಳು ನೆನಪಾದರು.

ನೀತಿ: ತಪ್ಪು ಮಾಡಿದವರನ್ನು ಹೆದರಿಸಿದರೆ ತಪ್ಪು ನಿಲ್ಲುವುದಿಲ್ಲ, ಕಣ್ಣಿಗೆ ಕಾಣದ ಜಾಗಕ್ಕೆ ಹೋಗಿ ಕೂರುತ್ತದೆ. ಮುರಿದದ್ದನ್ನು ಮುರಿದ ಗಳಿಗೆಯಲ್ಲೇ ಹೇಳಿ. ಹೇಳಿದವರನ್ನು ದೂರ ಮಾಡಬೇಡಿ. ಈ ಎರಡೂ ಇದ್ದರೆ ಮಾತ್ರ ಅದು ಗೆಳೆತನ.